ಕರಿ ಗೌನಿನಲ್ಲಿ ಉಡಿಯಕ್ಕಿ

…ಅಥವಾ ತೆಂಗಿನಕಾಯಿ ಇರಲೇ ಇಲ್ಲವೇನೋ. ನನ್ನ ಕಣ್ಣ ಮುಂದೆ ಅದು ಇದೆ: ಅರಿಷಿಣ ಹಚ್ಚಿದ, ಜುಟ್ಟು ಬಿಟ್ಟ ಕಾಯಿ, ಕರಿ ಗೌನಿನ ಮಡಿಲಲ್ಲಿ ಬಿಳಿ ಅಕ್ಕಿಯ ಮೇಲೆ ಕೂತಿದೆ. ಅತ್ತೆ ಅದು ಕೊಬ್ಬರಿ ಬಟ್ಟಲು ಅನ್ನುತ್ತಾಳೆ. ಖಾಲಾ ಅವರ ಪ್ರಕಾರ ಕಾಯಿಯೂ ಇಲ್ಲ, ಕೊಬ್ಬರಿಯೂ ಇಲ್ಲ, ಬರೀ ಉತ್ತತ್ತಿ ಇತ್ತು, ಅದನ್ನೂ ತಂದವರು ಅವರೇ. ನಾನು ವಾದಿಸುವಂತಿಲ್ಲ. ಮಡಿಲಿಗೆ ಅಕ್ಕಿ ಹಾಕಿ ಉಡಿ ತುಂಬುವ ಹೊತ್ತಿಗೆ ನಾನು ಕೋರ್ಟಿನ ಗೇಟಿನ ಹೊರಗೆ ಚಹಾ ಹೇಳಿ ನಿಂತಿದ್ದೆ. ಚಹಾ ಹಿಡಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗೌನಿನ ಎರಡು ತುದಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ ಒಬ್ಬ ವಕೀಲೆಯ ಬೆನ್ನು ಮಾತ್ರ ಕಂಡಿತು. ಬೆನ್ನಿನಿಂದ ಕಾಯಿ ಕಾಣುವುದಿಲ್ಲ. ಆದರೂ ನನ್ನ ನೆನಪಿನಲ್ಲಿ ಕಾಯಿ ಇದೆ, ಅದರ ಅರಿಷಿಣವೂ ಇದೆ. ಹೀಗಾಗಿ ಇಲ್ಲಿ ಬರೆಯುವುದರಲ್ಲಿ ನಾನು ಕಂಡದ್ದು ಯಾವುದು, ಅವರ ಬಾಯಿಂದ ಕೇಳಿ ಕೇಳಿ ಕಂಡಂತಾದದ್ದು ಯಾವುದು ಎಂದು ಆದಷ್ಟು ಹೇಳುತ್ತ ಹೋಗುತ್ತೇನೆ.

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಇಳಕಲ್ಲಿನ ಓಣಿಯೊಂದರಲ್ಲಿ ಮಗ್ಗದ ಮನೆ. ಖಾಲಾ ಎದುರು ಮನೆಯವರು, ನೂಲಿಗೆ ಬಣ್ಣ ಹಾಕುವ ಮನೆತನ. ಮದುವೆಯಾಗಿ ಓಣಿಗೆ ಬಂದ ದಿನದಿಂದ ಇಬ್ಬರೂ ದಿನಕ್ಕೊಮ್ಮೆ ಜಗಳಾಡದೆ ಉಂಡವರಲ್ಲ, ಒಬ್ಬರನ್ನು ಬಿಟ್ಟು ಒಬ್ಬರು ಊರು ದಾಟಿದವರೂ ಅಲ್ಲ. ಮೂರನೆಯವಳು ಅತ್ತೆಯ ಪಕ್ಕದ ಮನೆಯ ಹುಡುಗಿ, ಅತ್ತೆಯನ್ನು ದೊಡ್ಡವ್ವ ಅನ್ನುವವಳು. ಆಕೆಯ ಹೆಸರು ಬರೆಯುವುದಿಲ್ಲ. ಕಾನೂನು ಬೇಡ ಅನ್ನುತ್ತದೆ, ಆಕೆಯೂ ಬೇಡ ಅಂದಿದ್ದಾಳೆ.

ಆಕೆಗೆ ಹತ್ತೊಂಬತ್ತು ಇದ್ದಾಗ, ಓಣಿಗೆ ಸೀರೆ ಖರೀದಿಗೆ ಬರುತ್ತಿದ್ದ ಒಬ್ಬ, ಪುಣೆ ಕಡೆ ದೊಡ್ಡ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುವ ಕೆಲಸ ಇದೆ ಎಂದು ಕರೆದುಕೊಂಡು ಹೋದ. ಅಂಗಡಿ ಇರಲಿಲ್ಲ. ಹೊರಗಿನಿಂದ ಚಿಲಕ ಹಾಕುವ ಒಂದು ಮನೆ ಇತ್ತು. ಆತ ಆಕೆಯನ್ನು ಅಲ್ಲಿ ಮಾರಿ ಬಂದಿದ್ದ. ಅಲ್ಲಿ ಆದದ್ದನ್ನು ಆಕೆ ಬಾಗಿಲು ಮುಚ್ಚಿದ ಕೋರ್ಟಿನಲ್ಲಿ ಒಮ್ಮೆ ಹೇಳಿದ್ದಾಳೆ. ಎರಡನೆಯ ಸಲ ನಾನು ಹೇಳಬೇಕಾಗಿಲ್ಲ. ಪೊಲೀಸರು ಬಿಡಿಸಿ ತಂದರು, ಆಕೆ ಮತ್ತೆ ಮಗ್ಗಕ್ಕೆ ಕೂತಳು. ಆತ ಸಿಕ್ಕಿಬಿದ್ದ, ಜಾಮೀನು ಸಿಗಲಿಲ್ಲ, ಮೂರು ವರ್ಷ ಜೈಲಿನಲ್ಲೇ ಇದ್ದುಕೊಂಡು ವಿಚಾರಣೆ ಎದುರಿಸಿದ.

ಈ ನಡುವೆ ಆತನ ಕಡೆಯವನೊಬ್ಬ ಇಳಕಲ್ಲಿನ ಸಂತೆಯಲ್ಲಿ ಆಕೆಯ ಪಕ್ಕ ನಿಂತು, ಬದನೆಕಾಯಿ ಆರಿಸುತ್ತ, "ನಿಮ್ಮ ತಂಗಿ ಭಾಳ ಎತ್ತರ ಆಗ್ಯಾಳಂತಲ್ಲ, ಅವ ಕೇಳಾಕತ್ತಿದ್ದ" ಅಂದು ಹೋದ. ತಂಗಿ ಆಗ ಎಂಟನೇ ಇಯತ್ತೆ. ಅಂದಿನಿಂದ ಆಕೆಗೆ ಶಿಕ್ಷೆ ಎಂದರೆ ಒಂದೇ ಲೆಕ್ಕ. ಈ ಅಪರಾಧಕ್ಕೆ ಏಳು ವರ್ಷಕ್ಕೆ ಕಡಿಮೆ ಕೊಡುವಂತಿಲ್ಲ, ಹತ್ತಕ್ಕೆ ಹೆಚ್ಚು ಕೊಡುವಂತಿಲ್ಲ ಎಂದು ಸರ್ಕಾರಿ ವಕೀಲೆ ಹೇಳಿದ್ದರು. ಹಿಂದಿನ ಕಾನೂನಿನಲ್ಲಿ ಕೆಳಗಿನ ಮಿತಿ ಎಂಬುದೇ ಇರಲಿಲ್ಲವಂತೆ. ಏಳರ ಒಳಗೆ ಎಷ್ಟು ಕೊಟ್ಟರೂ ನಡೆಯುತ್ತಿತ್ತು. ಕಾನೂನು ಬಿಗಿಯಾದ ಮೇಲೆ ಹಿಂದಿನ ಮೇಲ್ಮಿತಿಯೇ ಈಗಿನ ಕೆಳಮಿತಿ. ಆದರೆ ಜೈಲಿನಲ್ಲಿ ಆಗಲೇ ಕಳೆದ ಮೂರು ವರ್ಷವನ್ನು ಅದರಲ್ಲಿ ಮುರಿದುಕೊಳ್ಳುತ್ತಾರೆ. ಏಳು ಸಿಕ್ಕರೆ ತಂಗಿ ಪಿಯುಸಿಗೆ ಹೋಗುವಾಗಲೇ ಆತ ಹೊರಗೆ. ಹತ್ತು ಸಿಕ್ಕರೆ ತಂಗಿಯ ಡಿಗ್ರಿ ಮುಗಿದಿರುತ್ತದೆ.

"ನೂರು ವರ್ಷ ಕೊಡಲಿ ಆ ಹರಾಮಿಗೆ" ಅಂದಿದ್ದರು ಖಾಲಾ.

"ನೂರು ಬ್ಯಾಡ ಖಾಲಾ. ನಮ್ಮ ತಂಗಿ ಕಾಲೇಜು ಮುಗೀಲಿ, ಸಾಕು" ಅಂದಿದ್ದಳು ಆಕೆ.

ತೀರ್ಪಿನ ಹಿಂದಿನ ದಿನವೇ ನಾನು ಬಾಗಲಕೋಟೆಯಿಂದ ಇಳಕಲ್ಲಿಗೆ ಹೋಗಿ, ಮರುದಿನ ಬೆಳಿಗ್ಗೆ ಬಾಗಲಕೋಟೆಯ ಕೋರ್ಟಿಗೆಂದು ಮೂವರನ್ನೂ ನನ್ನ ಕಾರಿಗೆ ಹತ್ತಿಸಿಕೊಂಡೆ. ಖಾಲಾಗೆ ಕಾರಿನಲ್ಲಿ ಹೊಟ್ಟೆ ತೊಳಸುತ್ತದೆ ಎಂದು ಮುಂದಿನ ಸೀಟು. ಅತ್ತೆಯ ತೊಡೆಯ ಮೇಲೆ ಒಂದು ಕೈಚೀಲ. ಅದರಲ್ಲಿ ಅಕ್ಕಿ, ಅರಿಷಿಣ ಕೊಂಬು, ಅಡಿಕೆ, ಎಲೆ, ಖಾಲಾ ತಂದಿದ್ದ ಒಂದು ಗುಳೇದಗುಡ್ಡದ ಕುಪ್ಪಸದ ಖಣ.

"ಇದೇನ ಅತ್ತಿ, ಕೋರ್ಟಿಗೆ ಹೊಂಟೀಯೋ, ಸೀಮಂತಕ್ಕ ಹೊಂಟೀಯೋ?"

"ನಿನಗ್ಯಾಕೋ ಗಂಡಸಿಗೆ? ನಮ್ಮ ವಕೀಲ ಬಾಯಿಗೆ ಉಡಿ ತುಂಬತೇನಿ. ಹೋದ ಹುಡುಗಿನ್ನ ಎಬ್ಬಿಸಿ ನಿಲ್ಲಿಸ್ಯಾಳ. ಅಂಥಾಕಿನ್ನ ಬರೀ ಕೈಲೆ ಕಳಸಾಕ ಆಗತೈತೇನು?"

"ಇನ್ನೂ ತೀರ್ಪ ಆಗಿಲ್ಲಲ್ಲ!"

"ಆಗತೈತಿ. ನೀ ರಸ್ತೆ ನೋಡು. ಎತ್ತಿನ ಗಾಡಿನ ದಾಟಿ ಹೋತು ಆಗಲೇ."

ಹಿಂದಿನ ಸೀಟಿನಲ್ಲಿ ಆಕೆ ಓಢಣಿಯಿಂದ ಮುಖ ಸುತ್ತಿಕೊಂಡು ಕೂತಿದ್ದಳು. ಕೋರ್ಟಿಗೆ ಹೋಗುವ ಪ್ರತಿ ಸಲವೂ ಹಾಗೆಯೇ, ಕಣ್ಣಷ್ಟೇ ಕಾಣುವಂತೆ. ಹುನಗುಂದ ದಾಟಿದ ಮೇಲೆ ಅಮೀನಗಡದಲ್ಲಿ ಅತ್ತೆ ಕರದಂಟು ಕೊಳ್ಳಲು ಗಾಡಿ ನಿಲ್ಲಿಸಲು ಹೇಳಿದಳು. ತೀರ್ಪಿಗೆ ಮೊದಲು ಬಾಯಿ ಸಿಹಿ ಮಾಡಿಕೊಳ್ಳಬೇಕೆಂದು ಅತ್ತೆ, ಮಾಡಿಕೊಳ್ಳಲೇಬಾರದೆಂದು ಖಾಲಾ. ಜಗಳ ಅಂಗಡಿಯವನಿಗೂ ಕೇಳಿಸಿತು.

"ಕೊಂಡು ಇಟ್ಕೊರಿ. ಈಗ ಬರೇ ವಾಸನಿ ನೋಡೂಣು" ಅಂದಳು ಆಕೆ, ಓಢಣಿಯ ಒಳಗಿನಿಂದ. ಪೊಟ್ಟಣ ಕೈಯಿಂದ ಕೈಗೆ ಹೋಗಿ ಬಂತು. ಮೂವರೂ ಖರೇನೇ ವಾಸನೆ ನೋಡಿದರು. ಇದನ್ನು ನಾನು ಪಕ್ಕದಲ್ಲೂ ಕನ್ನಡಿಯಲ್ಲೂ ಕಂಡಿದ್ದೇನೆ.

ತೀರ್ಪು ಹನ್ನೊಂದು ದಾಟಿದ ಮೇಲೆ ಬಂತು. ಇಷ್ಟು ದಿನ ಬಾಗಿಲು ಮುಚ್ಚಿ ನಡೆದ ಪ್ರಕರಣ, ಆ ದಿನ ಮಾತ್ರ ಬಾಗಿಲು ತೆರೆದಿತ್ತು. ನಾವು ಹಿಂದಿನ ಗೋಡೆಗೆ ಒತ್ತಿಕೊಂಡು ನಿಂತಿದ್ದೆವು. ಮುಂದೆ ಬರೀ ಕರಿ ಕೋಟುಗಳ ಬೆನ್ನು. ನ್ಯಾಯಾಧೀಶರ ದನಿ ಮೆತ್ತಗೆ, ಫ್ಯಾನಿನ ಸದ್ದು ಜೋರು. "ಅಪರಾಧಿ ಎಂದು ತೀರ್ಮಾನಿಸಲಾಗಿದೆ" ಎಂಬುದು ಮಾತ್ರ ಕಿವಿಗೆ ಬಿತ್ತು. ಅತ್ತೆ ನನ್ನ ತೋಳನ್ನು ಹಿಂಡಿದಳು. ಖಾಲಾ ಬಾಯಲ್ಲಿ ದುವಾ ಹೇಳುತ್ತ ಆಕೆಯ ನೆತ್ತಿಗೆ ಮುತ್ತು ಕೊಟ್ಟರು. ಶಿಕ್ಷೆ ಎಷ್ಟು ಎಂಬುದರ ಬಗ್ಗೆ ಊಟದ ನಂತರ ಎರಡೂ ಕಡೆಯ ಮಾತು ಕೇಳುತ್ತಾರೆ ಎಂದು ಆಕೆಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಹೊರಗೆ ಬಂದು ಅತ್ತೆಗೆ ಹೇಳಿದೆ. ಆದರೆ ಅತ್ತೆಯ ಕಿವಿ ಅಷ್ಟೊತ್ತಿಗೆ ಮುಚ್ಚಿತ್ತು.

"ಹೋಗಿ ಚಾ ಹೇಳು ಅಳಿಯಾ. ಇದು ಹೆಣ್ಣಮಕ್ಕಳ ಕೆಲಸ."

ಹೋದೆ. ಮುಂದಿನದು ಅವರು ಹೇಳಿದ್ದು.

ವರಾಂಡದಲ್ಲಿ ಇಬ್ಬರು ವಕೀಲೆಯರು ನಿಂತಿದ್ದರು. ಇಬ್ಬರದೂ ಬಿಳಿ ಸಲ್ವಾರು, ಕರಿ ಕೋಟು, ಮೇಲೆ ಕರಿ ಗೌನು. ಒಬ್ಬರು ಸರ್ಕಾರದ ಕಡೆಯವರು, ಆಕೆಯ ಪರ. ಇನ್ನೊಬ್ಬರು ಆರೋಪಿಯ ಪರ. ಹಿಂದಿನ ವಿಚಾರಣೆಗಳಲ್ಲೆಲ್ಲ ಅತ್ತೆ, ಖಾಲಾ ಹೊರಗೆ ಬೇವಿನ ಗಿಡದ ಕೆಳಗೆ ಕೂತವರು. ಒಳಗೆ ಯಾರು ಯಾರ ಪರ ನಿಲ್ಲುತ್ತಾರೆ ಎಂದು ಅವರು ಕಂಡಿರಲಿಲ್ಲ. ಕಂಡದ್ದು ಒಂದೇ. ಆಕೆ ಸಾಕ್ಷಿ ಹೇಳಿದ ದಿನ, ಹೊರಗೆ ಬಂದು ಗೋಡೆ ಹಿಡಿದು ನಿಂತಾಗ, ಹಿಂದೆಯೇ ಬಂದ ಒಬ್ಬ ವಕೀಲೆ ಆಕೆಯನ್ನು ಬೆಂಚಿನ ಮೇಲೆ ಕೂರಿಸಿ ತನ್ನ ಬಾಟಲಿಯ ನೀರು ಕುಡಿಸಿದ್ದರು. ಅತ್ತೆಗೆ ಆ ಮುಖ ಸಾಕಾಗಿತ್ತು. ನೀರು ಕೊಟ್ಟವಳು ನಮ್ಮವಳು.

ನೀರು ಕೊಟ್ಟವಳು ಆರೋಪಿಯ ವಕೀಲೆ. ಆ ದಿನ ಒಳಗೆ ಆಕೆಯನ್ನು ಎರಡು ತಾಸು ಪಾಟೀ ಸವಾಲು ಮಾಡಿ, ಗೋಡೆ ಹಿಡಿಯುವ ಹಾಗೆ ಮಾಡಿದ್ದೂ ಅವರೇ.

"ಬರ್ರಿ ಬಾಯಾರ, ಉಡಿ ಒಡ್ರಿ" ಅಂದಳಂತೆ ಅತ್ತೆ.

ವಕೀಲೆ ಒಂದು ಹೆಜ್ಜೆ ಹಿಂದೆ ಸರಿದರಂತೆ. "ನನಗ್ಯಾಕ್ರಿ ಅಮ್ಮಾ?"

"ಯಾಕ ಅಂದ್ರ! ನಿಮಗಲ್ಲದ ಇನ್ಯಾರಿಗೆ? ಒಡ್ರಿ, ನಾಚಬ್ಯಾಡ್ರಿ."

"ಸೆರಗಿಲ್ಲಲ್ರಿ ನನಗ."

"ಇಷ್ಟುದ್ದ ಕರಿ ಗೌನ ಐತಲ್ಲ, ಅದನ್ನ ಒಡ್ರಿ" ಅಂದರಂತೆ ಖಾಲಾ.

ನಮ್ಮ ಕಡೆ ಉಡಿ ತುಂಬಲು ಬಂದವರಿಗೆ ಬೇಡ ಅನ್ನುವ ಪದ್ಧತಿ ಇಲ್ಲ. ಬೇಡ ಅಂದರೆ ಅದು ಒಳ್ಳೆಯದಲ್ಲ, ಎರಡೂ ಕಡೆಗೆ. ವಕೀಲೆ ಗೌನಿನ ತುದಿ ಹಿಡಿದು ಒಡ್ಡಿದರು. ಅತ್ತೆ ಕುಂಕುಮ ಹಚ್ಚಿದಳು, ಅಕ್ಕಿ ಸುರಿದಳು. ಖಾಲಾ ಖಣ ಇಟ್ಟರು. ಇಲ್ಲಿಯವರೆಗೆ ಇಬ್ಬರ ಮಾತೂ ಒಂದೇ. ಇಬ್ಬರೂ ಒಪ್ಪುವ ಇನ್ನೊಂದು ಸಂಗತಿ ಇದೆ, ಅದೇ ನನ್ನನ್ನು ನಿದ್ದೆಗೆಡಿಸಿದ್ದು: ನಮ್ಮ ಹುಡುಗಿ ಅಲ್ಲೇ ಇದ್ದಳು. ಮೂರು ಮಾರು ದೂರದಲ್ಲಿ, ಕಂಬಕ್ಕೆ ಆತು ನಿಂತು ನೋಡುತ್ತಿದ್ದಳು. ಈ ವಕೀಲೆ ಯಾರು ಎಂದು ಆಕೆಗಿಂತ ಚೆನ್ನಾಗಿ ಬಲ್ಲವರು ಆ ವರಾಂಡದಲ್ಲಿ ಇರಲಿಲ್ಲ. ತಡೆಯಲಿಲ್ಲ. ಕೊನೆಗೆ ಮುಂದೆ ಬಂದು, ಚೀಲದಲ್ಲಿ ಉಳಿದಿದ್ದ ಅಕ್ಕಿಯನ್ನು ಬೊಗಸೆಯಲ್ಲಿ ತೆಗೆದು ತಾನೂ ಗೌನಿಗೆ ಹಾಕಿದಳು. ಆಕೆಯೂ ವಕೀಲೆಯೂ ಒಬ್ಬರನ್ನೊಬ್ಬರು ನೋಡಿದರೋ ಇಲ್ಲವೋ, ಅದನ್ನು ಹೇಳುವವರಿಲ್ಲ.

ನಾನು ಚಹಾ ಹಿಡಿದು ಬಂದಾಗ ಕಂಡದ್ದು ಮೊದಲೇ ಹೇಳಿದ ಬೆನ್ನು. ಅದರಾಚೆ ಸರ್ಕಾರಿ ವಕೀಲೆ, ಕಡತವನ್ನು ಬಾಯಿಗೆ ಅಡ್ಡ ಹಿಡಿದುಕೊಂಡು, ಭುಜ ಕುಲುಕಿಸಿ ನಗುತ್ತಿದ್ದರು.

ಮಧ್ಯಾಹ್ನ ಮತ್ತೆ ಹಿಂದಿನ ಗೋಡೆ. ಮೊದಲು ಎದ್ದು ನಿಂತವರು ಉಡಿ ತುಂಬಿಸಿಕೊಂಡವರು.

"ನೋಡಲ್ಲಿ, ನಮ್ಮಾಕಿ ಎದ್ದಳು" ಅತ್ತೆ ಖಾಲಾಗೆ ಮೊಣಕೈ ತಿವಿದಳು.

ವಕೀಲೆ ಮಾತು ಶುರು ಮಾಡಿದರು. ಅಪರಾಧಿಗೆ ವಯಸ್ಸಾದ ತಾಯಿ ಇದ್ದಾಳೆ. ಈ ಮೊದಲು ಯಾವ ಪ್ರಕರಣವೂ ಇಲ್ಲ. ಮೂರು ವರ್ಷ ಆಗಲೇ ಜೈಲಿನಲ್ಲಿ ಕಳೆದಿದ್ದಾನೆ. ಆದ್ದರಿಂದ ಮಾನ್ಯ ನ್ಯಾಯಾಲಯ ಕನಿಷ್ಠ ಶಿಕ್ಷೆ ವಿಧಿಸಬೇಕು.

ಅತ್ತೆಯ ಮುಖದಲ್ಲಿ ಆಗ ನಡೆದದ್ದನ್ನು ಬರೆಯಲು ನನಗೆ ಆಗುವುದಿಲ್ಲ. ಬಾಯಿ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು.

"ಯಾ ಅಲ್ಲಾ, ಇಕಿ ಯಾರ ಕಡೆ ಮಾತಾಡಾಕತ್ಯಾಳ?" ಖಾಲಾ ಪಿಸುಗುಟ್ಟಿದರು. ಅವರ ಪಿಸುಮಾತು ಅರ್ಧ ಕೋರ್ಟಿಗೆ ಕೇಳುತ್ತದೆ.

"ಅಕ್ಕಿ! ನಮ್ಮ ಅಕ್ಕಿ ಅಕಿ ಚೀಲದಾಗೈತಿ!"

"ನನ್ನ ಖಣಾನೂ ಐತಿ! ನೀನ ಹೇಳಿದಿ, ಇಕೀನ ಇಕೀನ ಅಂತ!"

"ನೀ ಏನ ಕಣ್ಣ ಮುಚ್ಚಿದ್ದೇನು?"

ಕೋರ್ಟಿನ ಜವಾನ ಬೆರಳು ತುಟಿಗಿಟ್ಟು ಕಣ್ಣು ಬಿಟ್ಟ. ಆಗಲೇ ನನ್ನ ಪಕ್ಕದಲ್ಲಿ ಒಂದು ಸದ್ದು ಬಂತು. ಅಳು ಎಂದು ತಿಳಿದು ತಿರುಗಿದೆ. ಆಕೆ ಓಢಣಿಯನ್ನು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ಕಣ್ಣಲ್ಲಿ ನೀರು, ಮೈಯೆಲ್ಲ ನಡುಗುವ ಹಾಗೆ ನಗು. ಆಕೆ ನಕ್ಕದ್ದನ್ನು ನಾನು ನೋಡಿ ಮೂರು ವರ್ಷದ ಮೇಲಾಗಿತ್ತು. ಇದು ಮಾತ್ರ ನನ್ನದೇ ಕಣ್ಣು, ನನ್ನದೇ ಕಿವಿ. ಇದನ್ನು ಯಾರು ಬೇರೆ ಥರ ಹೇಳಿದರೂ ಒಪ್ಪುವುದಿಲ್ಲ.

ಆಮೇಲೆ ಸರ್ಕಾರಿ ವಕೀಲೆ ಎದ್ದು ಹತ್ತು ವರ್ಷ ಕೇಳಿದರು. ಕಾನೂನು ಯಾಕೆ ಬಿಗಿಯಾಯಿತು ಎಂದು ಹೇಳಿದರು. ಸಂತೆಯಲ್ಲಿ ಬಂದ ಮಾತನ್ನೂ ಹೇಳಿದರು. ಅದರ ದೂರು ಆಗಲೇ ಕಡತದಲ್ಲಿ ಇತ್ತು. ನ್ಯಾಯಾಧೀಶರು ಆಕೆಗೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಆಕೆ ಮುಂದೆ ಹೋದಳು. ನಗು ಇನ್ನೂ ಪೂರ್ತಿ ಇಳಿದಿರಲಿಲ್ಲ, ದನಿಯಲ್ಲಿ ಅದರ ಬಿಸಿ ಇತ್ತು.

"ನನಗ ಆಗಿದ್ದು ಆಗೇತ್ರಿ ಸಾಹೇಬ್ರ. ನಾ ಮಗ್ಗಕ್ಕ ಕುಂತೇನಿ, ನಡದೈತಿ. ನಮ್ಮ ತಂಗಿ ಎಂಟನೇತ್ತಾ ಅದಾಳ. ಅಕಿ ಕಾಲೇಜು ಮುಗಸೂತನಾ ಅವನ್ನ ಒಳಗ ಇಟ್ಕೊರಿ. ಅಷ್ಟ."

ನ್ಯಾಯಾಧೀಶರು ಸ್ವಲ್ಪ ಹೊತ್ತು ಬರೆದರು. ಹತ್ತು ವರ್ಷ.

ನಾನು ಆ ಕ್ಷಣ ಆತನ ಕಡೆ ನೋಡಿದೆನೇ? ಬಹಳ ಸಲ ನೆನಪಿಸಿಕೊಳ್ಳಲು ಯತ್ನಿಸಿದ್ದೇನೆ. ಕಟಕಟೆಯಲ್ಲಿ ಒಂದು ನೀಲಿ ಅಂಗಿ ಇತ್ತು, ಅಷ್ಟೇ. ಒಬ್ಬ ಮನುಷ್ಯ ಹತ್ತು ವರ್ಷ ಜೈಲಿಗೆ ಹೋಗುವುದನ್ನು ಕೇಳಿ ಅಷ್ಟು ಸಂತೋಷಪಟ್ಟದ್ದು ನನಗೆ ಅದೇ ಮೊದಲು. ಅದರಲ್ಲಿ ಅಸಹಜವೇನೂ ಆಗ ಅನ್ನಿಸಲಿಲ್ಲ. ನಮ್ಮ ನಾಲ್ವರ ಕಣ್ಣಿಗೂ ಕಂಡದ್ದು ಆತನ ವರ್ಷಗಳಲ್ಲ. ಎರಡು ಜಡೆ ಹಾಕಿಕೊಂಡು ಸೈಕಲ್ ಮೇಲೆ ಸಾಲಿಗೆ ಹೋಗುವ ಒಬ್ಬ ಹುಡುಗಿಯ ವರ್ಷಗಳು.

ಹೊರಗೆ ವರಾಂಡದಲ್ಲಿ ಅತ್ತೆ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಆರೋಪಿಯ ವಕೀಲೆ ಬಂದರು. ಗೌನಿನ ಅಂಚಿಗೆ ಒಂದೆರಡು ಅಕ್ಕಿ ಕಾಳು ಇನ್ನೂ ಅಂಟಿದ್ದವು.

"ನೀವು ಅವನ ಕಡೆ ವಕೀಲರ?"

"ಹೌದ್ರಿ ಅಮ್ಮಾ."

"ಮತ್ತ ಬಾಯಿ ಬಿಟ್ಟು ಹೇಳಾಕ ಏನಾಗಿತ್ತು?"

"ಉಡಿ ಬ್ಯಾಡ ಅನ್ನಾಕ ಬರತೈತೇನ್ರಿ? ನಾನೂ ಗುಳೇದಗುಡ್ಡದಾಕಿ. ನೀವು ಖಣ ತೆಗದ ಕೂಡ್ಲೇ ನನ್ನ ಬಾಯಿ ಕಟ್ಟಿತು."

"ಉಡಿ ತುಂಬಿಸ್ಕೊಂಡು ಅವನ ಪರ ಮಾತಾಡಿದ್ರಿ!"

"ಅದು ನನ್ನ ಕೆಲಸ್ರಿ. ಅವಂಗೂ ಒಬ್ಬರು ಬೇಕಲ್ಲ ಮಾತಾಡಾಕ. ಯಾರೂ ಮಾತಾಡದ ಕೊಟ್ಟ ಶಿಕ್ಷಿ ಮ್ಯಾಲಿನ ಕೋರ್ಟಿನ್ಯಾಗ ನಿಲ್ಲೂದಿಲ್ಲ."

ಅತ್ತೆ ಕೈಚೀಲ ಬಿಚ್ಚಿ ತಳ ನೋಡಿದಳು. ಆಮೇಲೆ ನಮ್ಮ ಖರೇ ವಕೀಲೆಯ ಕಡೆ ತಿರುಗಿ, "ನಿಮಗ ಇಟ್ಟಿದ್ದೆಲ್ಲಾ ಇವರಿಗೆ ಹೋತಲ್ರಿ ಯವ್ವಾ, ಚೀಲದಾಗ ಒಂದು ಕಾಳ ಇಲ್ಲ" ಎಂದು ನಿಜವಾಗಿಯೂ ಮುಖ ಸಣ್ಣದು ಮಾಡಿದಳು.

ಮುಂದಿನದಕ್ಕೆ ಮತ್ತೆ ನಾನು ಸಾಕ್ಷಿಯಲ್ಲ. ಪಾರ್ಕಿಂಗಿನಿಂದ ಕಾರು ತರಲು ಹೋಗಿದ್ದೆ. ಅತ್ತೆಯ ಪ್ರಕಾರ ಆರೋಪಿಯ ವಕೀಲೆ ತನ್ನ ಚೀಲ ಬಿಚ್ಚಿ, ಅರ್ಧ ಅಕ್ಕಿಯನ್ನು ತೆಗೆದು, ತಾನೇ ಸರ್ಕಾರಿ ವಕೀಲೆಯ ಗೌನಿಗೆ ಹಾಕಿದರು. ಖಣ ಮಾತ್ರ ಕೊಡಲಿಲ್ಲ. ಖಾಲಾ ಪ್ರಕಾರ ಇದು ಶುದ್ಧ ಸುಳ್ಳು: ಅವರು ಸ್ವತಃ ಎದುರಿನ ಕಿರಾಣಿ ಅಂಗಡಿಗೆ ಓಡಿ ಹೊಸ ಅಕ್ಕಿ ತಂದರು. ಅತ್ತೆಯ ಮಾತೇ ನನಗೆ ಹೆಚ್ಚು ಇಷ್ಟ. ಅದಕ್ಕೇ ಅದನ್ನು ಪೂರ್ತಿ ನಂಬಲು ಹೆದರಿಕೆ. ಏನೇ ಆಗಲಿ, ಕಾರಿನಿಂದ ಇಳಿದು ನೋಡಿದಾಗ ಇಬ್ಬರು ವಕೀಲೆಯರ ಹಣೆಯ ಮೇಲೂ ಅತ್ತೆಯ ದೊಡ್ಡ ಕುಂಕುಮ ಇತ್ತು, ಕರದಂಟಿನ ಪೊಟ್ಟಣ ಖಾಲಿಯಾಗಿತ್ತು, ಮತ್ತು ಖಾಲಾ ಇಬ್ಬರಿಗೂ ಇಳಕಲ್ಲಿಗೆ ಬಂದರೆ ಸೀರೆ ಯಾವ ಅಂಗಡಿಯಲ್ಲಿ ಕೊಳ್ಳಬಾರದು ಎಂದು ಹೇಳಿಕೊಡುತ್ತಿದ್ದರು.

"ನಡಿ ಅಳಿಯಾ, ಬಾದಾಮಿ ಬನಶಂಕರಿಗೆ ಹೋಗೂಣು. ಹಸಿವಿ ಆಗೇತಿ" ಅಂದಳು ಅತ್ತೆ.

"ಇಳಕಲ್ಲು ಆ ಕಡೆ, ಬಾದಾಮಿ ಈ ಕಡೆ ಅತ್ತಿ."

"ಗೊತ್ತೈತಿ. ತಿರುಗಿಸು."

ಬಾದಾಮಿ ರಸ್ತೆಗೆ ಬಿದ್ದ ಮೇಲೆ ಆಕೆ ಕಾರಿನ ಗಾಜು ಇಳಿಸಿದಳು. ಓಢಣಿ ಗಾಳಿಗೆ ಬಿಚ್ಚಿಕೊಂಡಿತು, ಮತ್ತೆ ಸುತ್ತಿಕೊಳ್ಳಲಿಲ್ಲ. ಬಾದಾಮಿಯಲ್ಲಿ ಕೆಂಪು ಗುಡ್ಡದ ಕೆಳಗೆ ಗಾಡಿ ನಿಧಾನ ಮಾಡಿದರೆ, "ಇಷ್ಟ ಹತ್ರ ಇದ್ದು ನಾ ಒಮ್ಮೆರ ನೋಡಿಲ್ಲ ನೋಡಣ್ಣ, ಇದನ್ನ" ಅಂದಳು. ಪುಣೆಯವರೆಗೆ ಹೋಗಿ ಬಂದವಳು. ಯಾರೂ ಅದನ್ನು ಎತ್ತಿ ಆಡಲಿಲ್ಲ.

ಬನಶಂಕರಿಯಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಣ್ಣುಮಕ್ಕಳು ಎಲೆಯ ಮೇಲೆ ಕಟಕ ರೊಟ್ಟಿ, ಕೆಂಪು ಚಟ್ನಿ, ಕಾಳು ಪಲ್ಯ, ಗಟ್ಟಿ ಮೊಸರು ಬಡಿಸಿದರು. ಗಿಡದ ನೆರಳಲ್ಲಿ ಕೂತು ಉಂಡೆವು. ಅಲ್ಲಿಯೇ ಕಾಯಿ–ಕೊಬ್ಬರಿ–ಉತ್ತತ್ತಿ ಜಗಳ ಶುರುವಾದದ್ದು. ಬಡಿಸುವವಳು ಕೇಳುತ್ತ ಕೇಳುತ್ತ, ಯಾರಿಗೆ ಉಡಿ ತುಂಬಿದಿರಿ, ಯಾಕೆ ತುಂಬಿದಿರಿ ಎಂದು ವಿಚಾರಿಸಿದಳು. ಅತ್ತೆ ಕತೆ ಹೇಳಿದಳು, ಆದರೆ ಆಕೆಯ ಪಾಲನ್ನು ಬಿಟ್ಟು. ಒಂದು ಕೋರ್ಟಿನ ಕೆಲಸ, ಒಬ್ಬ ತಪ್ಪು ವಕೀಲೆ, ಅಷ್ಟೇ. ಬಡಿಸುವವಳು ನಕ್ಕು ನಕ್ಕು ಮೊಸರು ಚೆಲ್ಲಿದಳು. ಆಕೆಯೂ ನಕ್ಕಳು. ನಾಲ್ಕನೇ ರೊಟ್ಟಿ ಕೇಳಿದಳು.

ಆಗಲೇ ನಾನು ಕೇಳಿದ್ದು. ಅತ್ತೆ, ಖಾಲಾ ಕೈ ತೊಳೆಯಲು ಎದ್ದಿದ್ದರು.

"ನಿನಗ ಗೊತ್ತಿತ್ತಲ್ಲ, ಅಕಿ ಅವನ ಕಡೆ ವಕೀಲೆ ಅಂತ. ಯಾಕ ಹೇಳಲಿಲ್ಲ?"

ಆಕೆ ರೊಟ್ಟಿ ಮುರಿದಳು. "ದೊಡ್ಡವ್ವ ಅಷ್ಟು ಖುಷೀಲೆ ಹೊಂಟಿದ್ದಳು. ಹೆಂಗ ತಡೀಲಿ?"

"ಮತ್ತ ನೀ ಅಕ್ಕಿ ಹಾಕಿದ್ದು?"

"ಉಳದಿತ್ತಲ್ಲ, ಹಾಕಿದೆ."

ಅದು ಉತ್ತರವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆ ದಿನದ ನೀರಿಗೆ ಹಾಕಿದಳೇ? ಇನ್ನು ಮಧ್ಯಾಹ್ನ ಹೇಗೆ ಮಾತಾಡುತ್ತೀ ನೋಡೋಣ ಎಂದು ಹಾಕಿದಳೇ? ಎರಡು ತಾಸು ತನ್ನ ಬಾಯಿಂದ ಎಲ್ಲ ತೆಗೆಸಿದ ಹೆಂಗಸು ಗೌನು ಒಡ್ಡಿ ಸುಮ್ಮನೆ ನಿಂತದ್ದನ್ನು ಹತ್ತಿರದಿಂದ ನೋಡಬೇಕಿತ್ತೇ? ಇವುಗಳಲ್ಲಿ ಒಂದನ್ನು ಆರಿಸಿ ಬರೆಯುವುದು ಸುಲಭ. ಮೂರು ಸಲ ಬರೆದು ಮೂರೂ ಸಲ ಹೊಡೆದು ಹಾಕಿದ್ದೇನೆ. ಮೊನ್ನೆ ಇಳಕಲ್ಲಿಗೆ ಹೋದಾಗ ಮತ್ತೆ ಕೇಳಿದೆ. ಆಕೆ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು, ಸೆರಗಿನ ಕೆಂಪು ರೇಷ್ಮೆ ಎಳೆಗಳನ್ನು ಒಡಲಿನ ಎಳೆಗಳಿಗೆ ಒಂದೊಂದಾಗಿ ಕೊಂಡಿ ಹಾಕುತ್ತಿದ್ದಳು. ಆ ಕೆಲಸದ ನಡುವೆ ಮಾತಾಡಿಸಿದರೆ ಎಳೆ ತಪ್ಪುತ್ತದೆ. "ನಿನಗ ಬರೆಯಾಕ ಬ್ಯಾರೆ ಏನೂ ಸಿಗಲಿಲ್ಲೇನಣ್ಣ?" ಅಂದಳು, ತಲೆ ಎತ್ತದೆ. ತಂಗಿ ಒಳಗೆ ಜೋರಾಗಿ ಏನೋ ಬಾಯಿಪಾಠ ಮಾಡುತ್ತಿದ್ದಳು.

ಆತನ ಕಡೆಯವರು ಮೇಲಿನ ಕೋರ್ಟಿಗೆ ಹೋಗಿದ್ದಾರೆ. ಶಿಕ್ಷೆ ಇಳಿಸಬೇಕೆಂದು ಕೇಳಿದ್ದಾರೆ. ಇನ್ನೂ ವಿಚಾರಣೆಗೆ ಬಂದಿಲ್ಲ. ಹತ್ತು ಹತ್ತಾಗಿ ಉಳಿಯುತ್ತದೆಯೋ ಏಳಕ್ಕೆ ಇಳಿಯುತ್ತದೆಯೋ ನನಗೆ ಗೊತ್ತಿಲ್ಲ. ಆಕೆಗೂ ಗೊತ್ತಿಲ್ಲ.